ಮಲಗುವ ಮೊದಲು ಒಂದು ಸುತ್ತು

೧

ಮಲಗುವ ಮೊದಲು ಹಾಸಿಗೆಯ ಮೇಲೆ ಒಂದು ಸುತ್ತು ಸುತ್ತುತ್ತೇನಲ್ಲ, ಅದನ್ನು ಯಾರಾದರೂ ನೋಡಿಬಿಟ್ಟಿದ್ದಾರೆಯೇ?

ಕಥೆ ಇಲ್ಲಿಂದ ಶುರುವಾಗಬಹುದೇ, ನೀವೇ ಹೇಳಿ. ನನಗೇನೋ ಈ ಸಾಲು ತೀರ ಸಣ್ಣದು ಅನ್ನಿಸುತ್ತದೆ. ಕಥೆ ಎಂದಮೇಲೆ ಮೊದಲ ಸಾಲಿನಲ್ಲಿ ಒಂದು ಸಾವು ಬೇಕು, ಇಲ್ಲವೇ ಯಾರಾದರೂ ಯಾರ ಜೊತೆಗಾದರೂ ಓಡಿಹೋಗಬೇಕು. ನನ್ನ ಹತ್ತಿರ ಇರುವುದು ಒಂದು ಸುತ್ತು ಮಾತ್ರ. ಅದೂ ಎಡಗಡೆಯಿಂದ.

(ದಿನಾ ಡೈರಿ ಬರೆಯುವವರಿಗೆ ಕಥೆ ಬರೆಯುವುದು ಸುಲಭವೆಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಸುಳ್ಳು. ನನ್ನ ಡೈರಿಯಲ್ಲಿ ಬಸ್ಸು ತಡವಾದದ್ದಿದೆ, ಅನ್ನ ಹೊತ್ತಿದ್ದಿದೆ. ಬರೆಯಬೇಕಾದ್ದನ್ನು ಬರೆಯದೆ ಇರಲಿಕ್ಕೆ ಡೈರಿಗಿಂತ ಒಳ್ಳೆಯ ಜಾಗವಿಲ್ಲ.)

ಇನ್ನೊಂದು ತೊಂದರೆ. "ನಾನು" ಎಂದು ಬರೆದ ಕೂಡಲೇ ಅಂಗೈ ಬೆವರುತ್ತದೆ. ಆದ್ದರಿಂದ ನಾನು ಬೇಡ, ಅವಳು. ಅವಳ ಹೆಸರು ದೀಪಾಲಿ. ನಮ್ಮ ಕಡೆ ಓಣಿಗೊಬ್ಬಳು ದೀಪಾಲಿ ಸಿಗುತ್ತಾಳೆ. ಇವಳು ಯಾರೆಂದು ಯಾರೂ ಹುಡುಕಿಕೊಂಡು ಬರಲಾರರು.

೨

ದೀಪಾಲಿ ಮಹಾರಾಷ್ಟ್ರದ ಗಡಿಯೂರು ಸುಳಕೂಡದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೈಗುಳಕ್ಕೆ ಎರಡೂ. ಕುರಿ ಕಾಯುವ ಮನೆತನ. ಗಡಹಿಂಗ್ಲಜದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಈಗ ಊರಿನಿಂದ ದಿನಾ ಹೋಗಿಬಂದು ಇಚಲಕರಂಜಿಯ ಪಕ್ಕದ ಯಡ್ರಾವದಲ್ಲಿ ಒಂದು ಪವರ್‌ಲೂಮ್ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆಯ ಕೆಲಸ ಮಾಡುತ್ತಾಳೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿನ ಮೇಜಿನ ಮೇಲೆ ಎಳೆಯುತ್ತ, ಎಳೆ ತಪ್ಪಿದಲ್ಲಿ ಗುರುತು ಹಾಕುವುದು. ಮಾತಾಡಬೇಕಿಲ್ಲದ ಕೆಲಸ. ಮಾತಾಡಿದರೂ ಮಗ್ಗಗಳ ಗದ್ದಲದಲ್ಲಿ ಯಾರಿಗೂ ಕೇಳದ ಕೆಲಸ. ಅದಕ್ಕೇ ಸೇರಿಕೊಂಡಳು.

ಮತ್ತು ದೀಪಾಲಿ ನಾಯಿ.

(ನಕ್ಕಿರಿ. ಇರಲಿ, ನಕ್ಕು ಮುಗಿಸಿ ಬನ್ನಿ. ನಾನು ಇಲ್ಲೇ ಇರುತ್ತೇನೆ.)

ನಾಯಿಯಂಥವಳು ಎಂದಲ್ಲ. ನಾಯಿಯ ಹಾಗೆ ನಿಯತ್ತಿನವಳು ಎಂಬ ಹೊಗಳಿಕೆಯೂ ಅಲ್ಲ. ಕನ್ನಡಿಯಲ್ಲಿ ಕಾಣುವುದು ಮನುಷ್ಯರ ಮುಖವೆಂದು ಅವಳಿಗೆ ಗೊತ್ತು. ಆಧಾರ್ ಕಾರ್ಡಿನ ಫೋಟೋ ನೋಡಿ ಎಲ್ಲರಂತೆ ಅವಳಿಗೂ ನಾಚಿಕೆಯಾಗುತ್ತದೆ. ಉಪ್ಪಿಟ್ಟನ್ನು ಚಮಚದಲ್ಲೇ ತಿನ್ನುತ್ತಾಳೆ. ಆದರೆ ಒಳಗಿರುವುದು ಬೇರೆ. ಖುಷಿಯಾದಾಗ ಬೆನ್ನೆಲುಬಿನ ತುದಿಯಲ್ಲಿ, ಇಲ್ಲದ್ದೊಂದು ಅಲ್ಲಾಡುತ್ತದೆ. ಯಾರಾದರೂ ಗದರಿದರೆ ಆ ಇಲ್ಲದ್ದೇ ಕಾಲ ಸಂದಿಗೆ ಸೇರಿಕೊಳ್ಳುತ್ತದೆ. ಯಾರಾದರೂ ಕರೆದರೆ ಮೊದಲು ಕಿವಿ ತಿರುಗಿದ ಹಾಗಾಗಿ, ಆಮೇಲೆ ಮುಖ ತಿರುಗುತ್ತದೆ.

ಗಡಹಿಂಗ್ಲಜದಲ್ಲಿದ್ದಾಗ ಫೋನಿನಲ್ಲಿ ಇದಕ್ಕೊಂದು ಹೆಸರು ಸಿಕ್ಕಿತು: ಥೇರಿಯನ್. ಮನುಷ್ಯರ ಮೈಯಲ್ಲಿ ಹುಟ್ಟಿ, ಒಳಗೆ ತಾವು ಬೇರೊಂದು ಪ್ರಾಣಿ ಎಂದು ತಿಳಿದು ಬಾಳುವವರು. ವೇಷವಲ್ಲ, ಆಟವಲ್ಲ, ತಾವಾಗಿ ಆಯ್ದುಕೊಂಡದ್ದೂ ಅಲ್ಲ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಅದನ್ನು ಓದಿದ ದಿನ ಅವಳು ಮುಖ ಮುಚ್ಚಿಕೊಂಡು ಅತ್ತಳು. ತಾನೊಬ್ಬಳೇ ಅಲ್ಲ! ಅಂಥವರ ಗುಂಪೊಂದಕ್ಕೆ ಸೇರಿ ನೋಡಿದರೆ ಅಲ್ಲಿದ್ದವರೆಲ್ಲ ತೋಳ, ಚಿರತೆ, ಹಿಮನರಿ. ಕುರಿ ಕಾಯುವ ನಾಯಿ ಒಂದೂ ಇಲ್ಲ. ಅಲ್ಲಿಯೂ ತೋಳಕ್ಕೇ ಮರ್ಯಾದೆ. ಅವಳ ಕುಲದ ಕೆಲಸವೇ ತೋಳ ಓಡಿಸುವುದು. ತೋಳಗಳ ನಡುವೆ ಕೂತು ಏನೆಂದು ಮಾತಾಡುವುದು? ಒಂದಕ್ಷರವೂ ಬರೆಯದೆ ಹೊರಬಿದ್ದಳು.

೩

ಕಾರಣ ಕೇಳುವ ಓದುಗರಿರುತ್ತಾರೆ. ಅವರಿಗೆಂದೇ ಒಂದು ಬಾಲ್ಯ.

ಅಪ್ಪ ಕೇದಾರಿ ಕುರಿ ಹೊಡೆದುಕೊಂಡು ಅಕಿವಾಟದ ಕಡೆ ಹೋದರೆ, ಹೊಲದವರು ಗೊಬ್ಬರಕ್ಕೆಂದು ಕಬ್ಬು ಕಡಿದ ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದರು. ಸೂಟಿಯಲ್ಲಿ ದೀಪಾಲಿಯೂ ಹೋಗುತ್ತಿದ್ದಳು. ಹಿಂಡಿನ ಸುತ್ತ ಬಲೆ ಕಟ್ಟಿದ ಮೇಲೆ ಹಂಡ್ಯಾ ಎಂಬ ಕಪ್ಪು-ಬಿಳಿ ನಾಯಿ ಒಂದು ಸುತ್ತು ಸುತ್ತಿ, ಕುರಿಗಳಿಗೆ ಬೆನ್ನು ಮಾಡಿ, ಬಯಲಿಗೆ ಮುಖ ಮಾಡಿ ಮಲಗುತ್ತಿತ್ತು. ಕಾಯುವವರು ಯಾರನ್ನು ಕಾಯುತ್ತಾರೋ ಅವರತ್ತ ನೋಡಿಕೊಂಡು ಮಲಗುವುದಿಲ್ಲ. ಅವಳಿಗೆ ಅದನ್ನು ಯಾರೂ ಕಲಿಸಲಿಲ್ಲ. ಹಂಡ್ಯಾನ ಪಕ್ಕ ಕಂಬಳಿ ಹಾಸಿ, ಸುತ್ತಿ, ಅತ್ತ ಮುಖ ಮಾಡಿದಳು. ಇದೇ ತಾನು ಅನ್ನಿಸಿತು.

ಇಂದಿಗೂ ಮನೆಯವರಿಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ ಮಲಗುತ್ತಾಳೆ. ಅವಳ ಅವ್ವ ಮಂಗಲ ಅದನ್ನು ಸಿಟ್ಟು ಎಂದುಕೊಂಡಿದ್ದಾಳೆ.

(ಇದು ಕಾರಣವೇ? ಅಲ್ಲ. ಹಂಡ್ಯಾನ ಪಕ್ಕ ಎಷ್ಟೋ ಮಕ್ಕಳು ಮಲಗಿವೆ. ಕಾರಣ ಕೇಳಿದಿರೆಂದು ಕೊಟ್ಟೆ. ನಿಮ್ಮನ್ನು ಯಾರೂ ಕೇಳುವುದಿಲ್ಲವಲ್ಲ, ನೀವು ಯಾಕೆ ಮನುಷ್ಯರಾದಿರಿ ಅಂತ.)

೫

(ನಾಲ್ಕನ್ನು ಹರಿದೆ. ಅದರಲ್ಲಿ ತತ್ತ್ವಜ್ಞಾನ ಬಹಳವಾಗಿತ್ತು.)

ಮೊದಲು ಹೇಳಿದ್ದು ಪ್ರಿಯದರ್ಶನಿಗೆ. ಅದೇ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ಲು ಮಾಡುವವಳು, ಜೈನರ ಹುಡುಗಿ, ಮಾತಿಗೆ ನಿಂತರೆ ಮಗ್ಗವೇ ನಿಲ್ಲಬೇಕು. ಗೇಟಿನ ಹೊರಗೆ ಚಹಾದ ಗಾಡಿಯ ಹತ್ತಿರ ದೀಪಾಲಿ ಗಲಾಸು ನೋಡುತ್ತ ಹೇಳಿದಳು.

"ನಾಯಿ?"

"ಹೂಂ."

"ಅಂದ್ರ ನಿನಗ ನಾಯಿ ಅಂದ್ರ ಭಾಳ ಸೇರತಾವು."

"ಸೇರೋದಲ್ಲ ಪ್ರಿಯಾ. ನಾನ."

ಪ್ರಿಯದರ್ಶನಿ ಏನೂ ತೋಚದೆ ಕೈಯಲ್ಲಿದ್ದ ಖಾರಿ ಬಿಸ್ಕೀಟಿನ ಅರ್ಧ ಮುರಿದು ಮುಂದೆ ಹಿಡಿದಳು. ಹಿಡಿದವಳೇ ಬೆಚ್ಚಿದಳು. "ಅಯ್ಯ, ನಾ ಹಂಗ ಅಂತ ಕೊಡಲಿಲ್ಲ ಮತ್ತ!"

ದೀಪಾಲಿಗೆ ನಗು ಬಂತು. ಇಬ್ಬರೂ ಚಹಾ ಚೆಲ್ಲುವ ಹಾಗೆ ನಕ್ಕರು.

"ಕಚ್ಚಬೇಕ ಅನಸ್ತೈತೇನ ಲೇ?"

"ಮ್ಯಾನೇಜರಗ."

"ಅದಕ್ಕ ನಾಯಿ ಆಗಬೇಕಂತೇನಿಲ್ಲ ತಗೋ. ನನಗೂ ಅನಸ್ತೈತಿ."

ನಕ್ಕು ಮುಗಿದ ಮೇಲೆ ಪ್ರಿಯದರ್ಶನಿ ಗಂಭೀರಳಾದಳು. ಅಲ್ಲಿಂದಲೇ ಎಲ್ಲ ಹಾಳಾಯಿತು. ಕೊಲ್ಹಾಪುರದಲ್ಲಿ ಒಂದು ಕೆಫೆಯ ಮಾಳಿಗೆಯ ಮೇಲೆ ಹುಡುಗರು ಹುಡುಗಿಯರು ಸೇರಿ ಮನಸ್ಸು ಬಿಚ್ಚಿ ಮಾತಾಡುತ್ತಾರಂತೆ. "ಅಲ್ಲಿ ನಿಂದರ, ಹೇಳ. ಮಂದಿಗೆ ಗೊತ್ತಿಲ್ಲ, ಅದಕ್ಕ ನಗತಾರ. ಹೇಳಿದ್ರ ತಿಳಕೊತಾರ." ದೀಪಾಲಿ ಬೇಡವೆನ್ನುವಷ್ಟರಲ್ಲಿ ಅವಳ ಹೆಸರು ಬರೆಸಿಯಾಗಿತ್ತು.

೬, ಮೊದಲ ಪ್ರತಿ

ಅವಳು ಮಾತಾಡಿದಳು. ಸಭೆ ಮೌನವಾಯಿತು. ಆಮೇಲೆ ಚಪ್ಪಾಳೆ. ಹಿಂದಿನ ಸಾಲಿನ ಒಬ್ಬ ಮುದುಕ ಎದ್ದು ಬಂದು, ತುಂಬಿದ ಕಣ್ಣುಗಳಿಂದ—

(ಹರಿದೆ. ಮುದುಕನೇ ಒಪ್ಪಲಿಲ್ಲ. ತನಗೆ ಪೊರೆಯ ಆಪರೇಶನ್ ಆಗಿದೆ, ಕಣ್ಣಲ್ಲಿ ಸದಾ ನೀರು ಬರುತ್ತದೆ, ಅದನ್ನು ನಿನ್ನ ಕಥೆಗೆ ಬಳಸಿಕೊಳ್ಳಬೇಡ ಎಂದ.)

೬, ನಡೆದದ್ದು

ದೀಪಾಲಿ ಮರಾಠಿಯಲ್ಲಿ ಮಾತಾಡಿದಳು. ಮೈಕು ಬಾಯಿಗಿಂತ ಎತ್ತರದಲ್ಲಿತ್ತು. ಇಳಿಸಿ ಎಂದು ಕೇಳುವ ಧೈರ್ಯವಾಗಲಿಲ್ಲ. ತಾನು ಹುಚ್ಚಿಯಲ್ಲ, ಇದು ಫ್ಯಾಷನ್ ಅಲ್ಲ, ತನ್ನಿಂದ ಯಾರಿಗೂ ತೊಂದರೆಯಿಲ್ಲ, ಬರಿಯ ಒಮ್ಮೆ ನಿಜ ಹೇಳಬೇಕಿತ್ತು ಎಂದಳು. ಎರಡು ಮೂರು ಮಂದಿ ನಿಜವಾಗಿಯೂ ಕಿವಿಗೊಟ್ಟಿದ್ದರು. ಆಗ ಹಿಂದಿನಿಂದ ಒಬ್ಬ ಹುಡುಗ ಬೊಗಳಿದ.

ಚೆನ್ನಾಗಿಯೇ ಬೊಗಳಿದ. ಅದೇ ಮುಳುವಾಯಿತು. ಅವಳ ತಲೆ ತಾನಾಗಿ ಸರಕ್ಕನೆ ತಿರುಗಿತು. ಭುಜ ತಗ್ಗಿತು. ಮೈಯೆಲ್ಲ ಆ ಸದ್ದಿನ ಕಡೆ ಬಿಗಿಯಿತು. ಒಂದು ಕ್ಷಣ ಅಷ್ಟೆ. ಸಭೆಗೆ ಸಭೆಯೇ ನಕ್ಕಿತು. ಯಾರದೋ ಫೋನು ಮೇಲೆದ್ದಿತ್ತು.

ಮರುದಿನ ಅವಳ ಚಿಕ್ಕಪ್ಪನ ಮಗ ಅಮೋಲ ಊರಿನ ವಾಟ್ಸಾಪ್ ಗುಂಪಿಗೆ ಆ ತುಣುಕು ಹಾಕಿದ. ಮಾತೆಲ್ಲ ಕತ್ತರಿಸಿ ಹೋಗಿತ್ತು. ಉಳಿದದ್ದು ಬೊಗಳುವ ಸದ್ದು, ತಿರುಗಿದ ತಲೆ. ಕೆಳಗೆ: "ಕುರಿಗೆ ಇನ್ನ ಬ್ಯಾರೆ ನಾಯಿ ಬ್ಯಾಡ. ನಮ್ಮ ದೀಪಕ್ಕ ಅದಾಳ."

ಅವ್ವ ಹಾಲಿನ ಡೇರಿಗೆ ಹೋಗುವುದನ್ನು ಬಿಟ್ಟಳು. ತಾಟು ಸದ್ದು ಮಾಡಿ ಇಡುತ್ತಿದ್ದಳು. ಒಂದು ಸಂಜೆ ರೊಟ್ಟಿ ಬಡಿಯುತ್ತ, ಹಿಟ್ಟಿಗೆ ಹೇಳುವಂತೆ ಹೇಳಿದಳು: "ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ನಾಯಿ ಅಂದ್ರ, ನಾ ಯಾರ?"

(ಕಥೆಯ ಉಳಿದ ಸಾಲುಗಳನ್ನೆಲ್ಲ ಮತ್ತೆ ಬರೆದಿದ್ದೇನೆ. ಅವ್ವನ ಈ ಸಾಲಿಗೆ ಮಾತ್ರ ಕೈ ಹಚ್ಚಲು ಆಗಿಲ್ಲ.)

ಅಪ್ಪ ಹಿಂಡಿನ ಜೊತೆಗಿದ್ದ. ಫೋನಿನಲ್ಲಿ ಕುರಿಗಳ ಸದ್ದಿನ ನಡುವೆ ಅಂದ: "ನಾಯಿ ಅಂದ್ರ ಕೆಟ್ಟ ಮಾತೇನಲ್ಲ ತಗೋವಾ. ನಾಯಿ ಇರಲಿಲ್ಲಂದ್ರ ನಾವ್ಯಾರೂ ಇರತಿರಲಿಲ್ಲ." ಆಮೇಲೆ ಚಾರ್ಜು ಮುಗಿಯಿತು.

೭

ಈಗ ನೀವು ಕಲ್ಲು, ಬಹಿಷ್ಕಾರ, ಬಾವಿ ಇತ್ಯಾದಿ ನಿರೀಕ್ಷಿಸುತ್ತಿದ್ದೀರಿ. ನಾನೂ ನಿರೀಕ್ಷಿಸಿದ್ದೆ. ಅದಕ್ಕೆ ಬೇಕಾದ ಶಬ್ದಗಳನ್ನೂ ತೆಗೆದಿಟ್ಟುಕೊಂಡಿದ್ದೆ. ಆದರೆ ಬಂದದ್ದು ಅಜ್ಜಿ ಮಾಯವ್ವ.

"ಆ ಪೋನ ಇತ್ತ ತಾರೋ," ಎಂದಳು ಅಮೋಲನಿಗೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಮತ್ತೆ ಹಚ್ಚು ಎಂದಳು. ತಲೆ ತಿರುಗುವ ಕಡೆ ಬಂದಾಗ ಅವಳ ಬಾಯಿ ತೆರೆಯಿತು.

"ಮಂಗಲಾ! ಬಾ ಇಲ್ಲೆ. ನೋಡ ಇಲ್ಲೆ. ನಮ್ಮ ಕಾಡಸಿದ್ದ ಹಿಂಗ ತಿರಗತಿದ್ದ."

ಕಾಡಸಿದ್ದ ಮಾಯವ್ವನ ಮೈದುನ, ತೀರಿಹೋಗಿ ಬಹಳ ಕಾಲವಾಯಿತು. ಮನೆದೇವರು ಮೈಲಾರಲಿಂಗನಿಗೆ ಅವನು ಗೊರವ. ಗೊರವರು ಗೊತ್ತಲ್ಲ, ದೇವರ ನಾಯಿಗಳು. ಸೇವೆಯ ದಿನ ಕರಿ ಕಂಬಳಿಯ ಅಂಗಿ ತೊಟ್ಟು, ಹಣೆಗೆ ಅರಿಸಿನದ ಭಂಡಾರ ಬಳಿದುಕೊಂಡು, ದೋಣಿ ಎಂಬ ಹಿತ್ತಾಳೆಯ ಬಟ್ಟಲಿನಲ್ಲಿ ಭಕ್ತರು ಹಾಕಿದ ಹಾಲು ಬಾಳೆಹಣ್ಣನ್ನು ಬೊಗಳುತ್ತ, ಬಾಯಿ ಹಚ್ಚಿ ತಿನ್ನುತ್ತಾರೆ. ಜನ ಕಾಲಿಗೆ ಬೀಳುತ್ತಾರೆ. ಕಾಡಸಿದ್ದ ಸತ್ತ ಮೇಲೆ ಆ ಮನೆಯಲ್ಲಿ ಸೇವೆ ನಿಂತಿತ್ತು. ಕುರಿಗೆ ರೋಗ ಬಂದಾಗ, ಯಾರಿಗಾದರೂ ಮಕ್ಕಳಾಗದಿದ್ದಾಗ, ಸೇವೆ ನಿಂತದ್ದಕ್ಕೇ ಎಂದು ಮಾಯವ್ವ ಬೆರಳು ಮಾಡುತ್ತಿದ್ದಳು. ಈಗ ದೇವರು ತನ್ನ ನಾಯಿಯನ್ನು ತಾನೇ ಆರಿಸಿಕೊಂಡಿದ್ದಾನೆ.

"ಹೆಣ್ಣಮಗಳು ಅದಾಳಲ್ರಿ ಅತ್ತಿ?" ಎಂದಳು ಅವ್ವ.

"ದೇವ್ರಿಗೆ ನಾಯಿ ಬೇಕಾಗೈತಿ. ಗಂಡೋ ಹೆಣ್ಣೋ ಅಂತ ಬಾಲ ಎತ್ತಿ ನೋಡ್ತಾನೇನ?"

ಸಂಜೆಯೊಳಗೆ ಊರಿಗೆ ತಿಳಿದಿತ್ತು. ಬೆಳಗಿನಿಂದ ಜನ. ಭಂಡಾರದ ಪುಡಿಕೆ ಹಿಡಿದು ಬಂದರು. ನಕ್ಕವರೇ ಮೊದಲು ಬಂದರು. ಅಮೋಲ ಹಳೆಯ ತುಣುಕು ಅಳಿಸಿ, ಅದೇ ತುಣುಕನ್ನು ಡೊಳ್ಳಿನ ಸದ್ದು ಸೇರಿಸಿ ಮತ್ತೆ ಹಾಕಿದ.

"ಸಾರಿ ಅಕ್ಕಾ. ನನಗ ಗೊತ್ತಿರಲಿಲ್ಲ."

"ಏನ ಗೊತ್ತಿರಲಿಲ್ಲ?"

"ದೇವ್ರಂತ."

ಒಬ್ಬ ಹೆಂಗಸು ಕಾಲು ಮುಟ್ಟಿ, ತನ್ನ ಎಮ್ಮೆ ಗಬ್ಬ ನಿಲ್ಲುತ್ತಿಲ್ಲ, ಏನು ಮಾಡಲಿ ಎಂದು ಕೇಳಿದಳು. ದೀಪಾಲಿಗೆ ಗಾಬರಿಯಾಗಿ, "ಡಾಕ್ಟರಗ ತೋರಸ್ರಿ," ಎಂದಳು. ಹೆಂಗಸು ಕಣ್ಣು ಮುಚ್ಚಿ ಕೈಮುಗಿದಳು. ಡಾಕ್ಟರಿಗೆ ತೋರಿಸೆಂದು ದೇವರ ಅಪ್ಪಣೆಯಾಗಿದೆ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಮೂರು ಓಣಿ ದಾಟಿತ್ತು.

ಸಾರ್ವಜನಿಕರ ತಿಳುವಳಿಕೆ ಅಂದರೆ ಇದು. ಪ್ರಿಯದರ್ಶನಿ ಬೇಡಿಕೊಂಡದ್ದು ಸಿಕ್ಕಿತು. ಊರಿಗೆ ಊರೇ, ಈ ಹುಡುಗಿಯ ಒಳಗೊಂದು ನಾಯಿ ಇದೆ ಎಂದು ಒಪ್ಪಿತು. ಒಂದೇ ತೊಂದರೆ, ಆ ನಾಯಿ ಅವಳದಲ್ಲ ಎಂದಿತು.

೮

ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು ಇದು. ಅದಕ್ಕೇ ಚಿಕ್ಕದಾಗಿ ಬರೆಯುತ್ತೇನೆ.

ಅವ್ವ ಬಂದು ಅವಳ ಪಕ್ಕ ಕುಳಿತಳು. ಎಷ್ಟೋ ದಿನಗಳ ಮೇಲೆ ಕೈ ಹಿಡಿದಳು. ಹಣೆಗೆ ಭಂಡಾರ ಹಚ್ಚಿ, ಹೆಬ್ಬೆರಳಿನಿಂದ ಹುಬ್ಬಿನವರೆಗೆ ಸವರಿದಳು.

"ನನಗ ಮೊದಲ ಹೇಳಬಾರದಿತ್ತೇನ ಕೂಸ? ನಾ ಏನೇನ ಅಂದ್ನಿ ನಿನಗ. ದೇವ್ರಿಗೇ ಅಂದಂಗ ಆತಲ್ಲ."

"ಅವ್ವಾ, ಅದು ಹಂಗಲ್ಲ..."

"ಹೇಳಬ್ಯಾಡ. ಹೇಳಾಕ ಬರೋದಲ್ಲ ಅದು, ನನಗ ಗೊತ್ತೈತಿ. ದಿನಾ ನಮಗ ಬೆನ್ನ ಮಾಡಿ ಮಕ್ಕೋತಿದ್ದಿ. ನಾ ಸಿಟ್ಟ ಅಂತ ತಿಳದಿದ್ನಿ. ಬಾಗಲದ ಆಚಿ ದೇವ್ರ ಗುಡಿ ಐತಿ. ಅತ್ತ ಮುಖ ಮಾಡತಿದ್ದಿ ನೀ."

ದೀಪಾಲಿಯ ಬೆನ್ನ ತುದಿಯಲ್ಲಿ ಇಲ್ಲದ್ದು ಅಲ್ಲಾಡಿತು. ಅವ್ವನ ಕೈ ಬೆಚ್ಚಗಿತ್ತು. ಬೇರೆ ಯಾರದೋ ಹೆಸರಿಗೆ ಬಂದ ಪ್ರೀತಿ. ಗೊತ್ತಿದ್ದೂ ಅವಳು ಅದನ್ನು ಹಿಂದಿರುಗಿಸಲಿಲ್ಲ. ತಲೆಯನ್ನು ಅವ್ವನ ತೊಡೆಯ ಮೇಲೆ ಇಟ್ಟಳು.

ಬರುವ ಭಾನುವಾರ ಗೊರವ ದೀಕ್ಷೆ ಎಂದು ನಿಶ್ಚಯವಾಯಿತು. ಅಪ್ಪನೂ ಹಿಂಡು ಬೇರೆಯವರಿಗೆ ಒಪ್ಪಿಸಿ ಬರುತ್ತಾನೆ. ಎಲ್ಲರೆದುರು ಕಾಡಸಿದ್ದನ ದೋಣಿಯಲ್ಲಿ ಹಾಲು ಹಾಕುತ್ತಾರೆ. ಅವಳು ಬೊಗಳಬೇಕು.

೯

"ಒಪ್ಪಿಕೊಂಡ ಬಿಡ," ಎಂದಳು ಪ್ರಿಯದರ್ಶನಿ ಚಹಾದ ಗಾಡಿಯ ಹತ್ತಿರ. "ಅಕ್ಸೆಪ್ಟನ್ಸ್ ಬೇಕಂತಿದ್ದಿ. ಸಿಕ್ತಲ್ಲ. ಯಾವ ಬಾಗಲದಿಂದ ಬಂದ್ರೇನ? ಕೊಲ್ಹಾಪುರದಾಗ ಓದಿದ ಮಂದಿ ನಕ್ಕರು. ಇಲ್ಲೆ ಕಾಲಿಗೆ ಬೀಳಾಕತ್ತಾರ."

"ಅವರ ಬೀಳೋದು ನನ್ನ ಕಾಲಿಗೆ ಅಲ್ಲ ಪ್ರಿಯಾ. ನನ್ನ ಹಿಂದ ಯಾರೋ ನಿಂತಾರಂತ, ಅವರ ಕಾಲಿಗೆ."

"ಕಾಲ ಅಂತೂ ನಿನ್ನವ ಅದಾವಲ್ಲ!"

"ಕಾಡಸಿದ್ದ ಅಜ್ಜ ಸೇವಾ ಮುಗಿಸಿ ಮುಖ ತೊಳಕೊಂಡ ಮನಷ್ಯಾ ಆಗತಿದ್ದ. ನಾ ಯಾವ ನೀರಿಲೆ ತೊಳಕೊಳ್ಳಲಿ?"

ಪ್ರಿಯದರ್ಶನಿ ಖಾರಿ ಮುರಿದಳು. ಈ ಸಲ ಬೆಚ್ಚದೆ ಕೊಟ್ಟಳು.

ಮುಕ್ತಾಯಗಳು

(ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಹೇಳುವ ಉದಾರಿ ನಾನಲ್ಲ. ನನಗೇ ಒಂದೂ ಒಗ್ಗಿಲ್ಲ ಎಂದು ಎಲ್ಲವನ್ನೂ ಇಡುತ್ತಿದ್ದೇನೆ.)

ಅ. ದೀಪಾಲಿ ಒಪ್ಪುತ್ತಾಳೆ. ಭಾನುವಾರ ಕಂಬಳಿಯ ಅಂಗಿ ತೊಟ್ಟು ಮೊಣಕಾಲೂರಿ ಬೊಗಳುತ್ತಾಳೆ. ಅಂಥ ಬೊಗಳು ಆ ಊರು ಕೇಳಿರುವುದಿಲ್ಲ, ಯಾಕೆಂದರೆ ಅದು ನಿಜವಾದದ್ದು. ಅವ್ವನ ಕಣ್ಣಲ್ಲಿ ನೀರು. ಏಳಕೋಟಿ, ಏಳಕೋಟಿ ಎಂದು ಜನ ಮೈಲಾರನ ಜೈಕಾರ ಕೂಗುತ್ತಾರೆ. ಹುಟ್ಟಿದಾಗಿನಿಂದ ಒಳಗೆ ಹಿಡಿದಿಟ್ಟದ್ದನ್ನು ಅವಳು ಎಲ್ಲರೆದುರು ಹೊರಗೆ ಬಿಟ್ಟಿದ್ದಾಳೆ, ಮತ್ತು ಅದು ಅವಳ ದನಿಯೆಂದು ಒಬ್ಬರಿಗೂ ಗೊತ್ತಾಗಿಲ್ಲ. ಮುಂದಿನ ವರ್ಷವೂ ಹೀಗೇ. ಅವಳು ಮುದುಕಿಯಾಗುವವರೆಗೂ ಹೀಗೇ. ಸತ್ತ ಮೇಲೆ ಸಮಾಧಿಯ ಮೇಲೆ ಭಂಡಾರ.

ಆ. ದೀಪಾಲಿ ಶನಿವಾರವೇ ಕೊಲ್ಹಾಪುರದ ಬಸ್ಸು ಹತ್ತುತ್ತಾಳೆ. ಬಾಡಿಗೆಯ ಕೋಣೆ, ಬೇರೆ ಕೆಲಸ. ಹಬ್ಬಕ್ಕೊಮ್ಮೆ ಫೋನು, "ಊಟ ಆತೇನ" ಎಂಬ ಒಂದೇ ಮಾತು.

ಇದನ್ನು ಬರೆಯುತ್ತಿದ್ದಾಗ ದೀಪಾಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಟ್ಟಳು. ಬಸ್ಸು ಬಂತು. ಹತ್ತಲಿಲ್ಲ.

"ಹತ್ತು," ಎಂದೆ.

"ಯಾಕ ಹತ್ತಲಿ? ಹಿಂಡ ಬಿಟ್ಟ ಹೋಗೋ ನಾಯಿ ಎಲ್ಲೆರ ನೋಡಿಯೇನ?"

"ಮತ್ತೆ ಏನು ಮಾಡುತ್ತೀ?"

"ನನ್ನ ಕೇಳತಿ? ನೀ ನನ್ನ ಹೆಸರಿನ ಹಿಂದ ಅಡಗಿ ಕುಂತಿ. ಕೊಲ್ಹಾಪುರದಾಗ ನನ್ನ ನಿಂದರಿಸಿದಿ. ಮಂದಿ ಕಾಲಿಗೆ ಬೀಳಿಸಿದಿ. ಈಗ ಬಸ್ಸ ಹತ್ತಸಾಕತ್ತಿ. ನಿನ್ನ ಅಂಗೈ ಬೆವರಬಾರದಂತ ಎಷ್ಟ ದಿನ ನನ್ನ ಮುಂದ ದಬ್ಬತಿ?"

ಮುಂದಿನ ಮುಕ್ತಾಯಕ್ಕೆ ಹಾರಿದೆ. ಕಥೆ ಬರೆಯುವವರಿಗೆ ಇರುವ ಅನುಕೂಲವೇ ಇದು.

ಇ. ಇದು ನನಗೆ ಬಹಳ ಸೇರಿದ್ದು. ದೀಕ್ಷೆಯ ಹಿಂದಿನ ದಿನ ಮಾಯವ್ವ ಮೊಮ್ಮಗಳನ್ನು ಪಕ್ಕಕ್ಕೆ ಕರೆದು, ಯಾರಿಗೂ ಹೇಳದ ಒಂದು ಮಾತು ಹೇಳುತ್ತಾಳೆ: "ಕಾಡಸಿದ್ದ ಬರೇ ಸೇವಾದ ದಿನ ನಾಯಿ ಆಗತಿರಲಿಲ್ಲವಾ. ವರ್ಷಪೂರ್ತಿ ಹಂಗ ಇದ್ದ. ಮಕ್ಕೊಳ್ಳೂ ಮುಂದ ದಿನಾ ಒಂದ ಸುತ್ತ ಸುತ್ತತಿದ್ದ." ದೀಪಾಲಿಗೆ ಗೊತ್ತಾಗುತ್ತದೆ, ಈ ಮನೆಯಲ್ಲಿ ತನಗಿಂತ ಮೊದಲೇ ಒಬ್ಬನಿದ್ದ. ಹೆಸರಿಲ್ಲದೆ ಇದ್ದ. ಅಜ್ಜಿ ಮೊಮ್ಮಗಳು ತಬ್ಬಿಕೊಳ್ಳುತ್ತಾರೆ.

ಇದನ್ನು ಬರೆದು ಎರಡು ಸಲ ಓದಿಕೊಂಡೆ. ಆಗ ಮಾಯವ್ವ ಕೋಲೂರಿಕೊಂಡು ಹಾಳೆಯ ಅಂಚಿಗೆ ಬಂದಳು.

"ಏ ಹುಡುಗಿ. ಇದನ್ಯಾವಾಗ ಅಂದ್ನಿ ನಾ?"

"ಅಂದಿದ್ದರೆ ಚೆಂದವಿರುತ್ತಿತ್ತು ಆಯಿ."

"ಚೆಂದ ಇದ್ರ? ಕಾಡಸಿದ್ದ ಮಕ್ಕೊಂಡಲ್ಲೆ ಕೊರಡಿನಂಗ ಬೀಳತಿದ್ದ. ಸುತ್ತ ಇಲ್ಲ ಗಿತ್ತ ಇಲ್ಲ. ಸೇವಾ ಮುಗಿದ ಮ್ಯಾಲ ಚಾ ಕುಡದ ಎಲಿ ಅಡಕಿ ಹಾಕತಿದ್ದ. ನಿನಗ ಜೋಡಿ ಬೇಕಂತ ಸತ್ತಾಂವನ್ನ ಎಬ್ಬಿಸಬ್ಯಾಡ. ನನ್ನ ಬಾಯಾಗ ನಿನ್ನ ಮಾತ ಇಡಬ್ಯಾಡ."

"ಹಾಗಾದರೆ ನನ್ನ ಮಾತನ್ನು ಎಲ್ಲಿಡಲಿ?"

ಮಾಯವ್ವ ನನ್ನನ್ನು ನೋಡಿದಳು. ಮುದುಕಿಗೆ ಓದಲು ಬರುವುದಿಲ್ಲ. ಆದರೂ ಹಾಳೆಯ ಮೇಲಿನದನ್ನೆಲ್ಲ ಓದಿದವಳ ಹಾಗೆ ನೋಡಿದಳು. "ನಿನಗ ಬಾಯಿಲ್ಲೇನ?" ಎಂದು ಹೊರಟುಹೋದಳು.

ಅಜ್ಜಿಗೆ ಏನೂ ತಿಳಿದಿರಲಿಲ್ಲ. ಅವಳು ಹೇಳುವುದೂ ಇಲ್ಲ. ಅವಳ ಪಾಲಿಗೆ ದೇವರು ಬಂದಿದ್ದಾನೆ, ಅಷ್ಟೆ. ಇ-ಯನ್ನು ಹೊಡೆದು ಹಾಕಿದೆ. ಹೊಡೆದು ಹಾಕುವಾಗ ಕಾಡಸಿದ್ದ ಅಜ್ಜ ಇನ್ನೊಮ್ಮೆ ಸತ್ತ ಹಾಗಾಯಿತು.

೧೦

ಅವಳು ನಾನೇ ಎಂದು ನಿಮಗೆ ನಾಲ್ಕನೆಯ ಪ್ಯಾರಾದಲ್ಲೇ ಗೊತ್ತಾಗಿತ್ತು. ಸುಮ್ಮನಿದ್ದಿರಿ. ಉಪಕಾರವಾಯಿತು.

ಒಂಬತ್ತರವರೆಗೆ ಬರೆದದ್ದೆಲ್ಲ ನಡೆದದ್ದೇ. ಮುಂದಿನದಕ್ಕೆ ಮುಕ್ತಾಯ ಇಲ್ಲದಿರುವುದು ಜಾಣತನಕ್ಕಲ್ಲ, ಅದು ಇನ್ನೂ ನಡೆದಿಲ್ಲ. ಇವತ್ತು ಶನಿವಾರ. ಮಧ್ಯಾಹ್ನ. ಕಾರ್ಖಾನೆಗೆ ರಜೆ ಹಾಕಿಸಿದ್ದಾರೆ. ನಾನು ನಡುಮನೆಯಲ್ಲಿ ಗೋಡೆಗೆ ಆತು, ಹಿತ್ತಲ ಬಾಗಿಲಿಗೆ ಮುಖ ಮಾಡಿ ಕೂತು ಇದನ್ನು ಬರೆಯುತ್ತಿದ್ದೇನೆ. ಗೂಟಕ್ಕೆ ಕರಿ ಕಂಬಳಿಯ ಅಂಗಿ ತೂಗುಬಿಟ್ಟಿದ್ದಾರೆ. ನನ್ನ ಅಳತೆಗೆ ಹೊಲಿದಿದ್ದಾರೆ. ತೋಳು ಸ್ವಲ್ಪ ಉದ್ದ.

ಅವ್ವ ಹಿತ್ತಲಲ್ಲಿ ದೋಣಿ ತಿಕ್ಕುತ್ತಿದ್ದಾಳೆ. ಕಾಡಸಿದ್ದನ ಕಾಲದ ಕಿಲುಬು ಸುಲಭಕ್ಕೆ ಬಿಡುವುದಿಲ್ಲ. ಹುಣಸೆಹಣ್ಣು ಹಚ್ಚಿ, ಬೂದಿ ಹಚ್ಚಿ ತಿಕ್ಕುತ್ತಾಳೆ, ಬಿಸಿಲಿಗೆ ಹಿಡಿದು ನೋಡುತ್ತಾಳೆ, ಮತ್ತೆ ತಿಕ್ಕುತ್ತಾಳೆ. ನಡುನಡುವೆ ಗುನುಗುತ್ತಾಳೆ. ಅವ್ವ ಗುನುಗುವುದನ್ನು ಕೇಳಿ ಎಷ್ಟು ದಿನವಾಗಿತ್ತು! ಬೆಳಿಗ್ಗೆ ಡೇರಿಗೂ ಹೋಗಿ ಬಂದಳು. ಅಲ್ಲಿ ಎಲ್ಲರೂ ಅವಳಿಗೆ ದಾರಿ ಬಿಟ್ಟರಂತೆ.

ಈ ಕಥೆ ಬರೆದದ್ದು ಯಾಕೆಂದರೆ, ಯಾವುದಾದರೂ ಒಂದು ಮುಕ್ತಾಯದಲ್ಲಿ ನಾನು ಹೇಳದೆ ಅವ್ವನಿಗೆ ತಿಳಿಯಬಹುದು ಎಂದು. ಅಜ್ಜಿ ಹೇಳಬಹುದು, ಪ್ರಿಯಾ ಹೇಳಬಹುದು, ಕೊಲ್ಹಾಪುರದ ಆ ಮುದುಕ ಬಂದಾದರೂ ಹೇಳಬಹುದು ಎಂದು. ಎಲ್ಲರೂ ಒಬ್ಬೊಬ್ಬರಾಗಿ ಹಾಳೆ ಬಿಟ್ಟು ಹೋದರು. ದೀಪಾಲಿಯೂ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು, ನನ್ನೊಳಗೆ ಒಂದು ಸುತ್ತು ಸುತ್ತಿ, ತೆಪ್ಪಗೆ ಮಲಗಿದ್ದಾಳೆ.

ಹೇಳಿದರೆ ಆ ಗುನುಗು ನಿಲ್ಲುತ್ತದೆ. ನಾಳೆ ಜನ ಬಂದು ಸುಮ್ಮನೆ ತಿರುಗಿ ಹೋಗುತ್ತಾರೆ. ಅಮೋಲ ಹಳೆಯ ತುಣುಕನ್ನು ಮತ್ತೆ ಹುಡುಕುತ್ತಾನೆ. ಅವ್ವ ಮತ್ತೆ ಹಿಟ್ಟಿನ ಜೊತೆ ಮಾತಾಡುತ್ತಾಳೆ. ಹೇಳದಿದ್ದರೆ ಅವಳ ಕೈ ನನ್ನ ಹಣೆಯ ಮೇಲೆ ಇರುತ್ತದೆ. ಬದುಕಿರುವವರೆಗೂ ಇರುತ್ತದೆ. ನನ್ನ ಹಣೆ ಅದರ ಕೆಳಗೆ ಇರುವುದಿಲ್ಲ.

(ಕಂಸದೊಳಗೆ ಹೇಳಿದರೆ ಹೇಳಿದ ಹಾಗಾಗುತ್ತದೆಯೇ? ಇಲ್ಲ. ಇಲ್ಲಿಂದ ಹಿತ್ತಲಿಗೆ ಕೇಳಿಸುವುದಿಲ್ಲ.)

ಪೆನ್ನು ಕೈಯಲ್ಲೇ ಇದೆ. ಅಂಗೈ ಬೆವರಿದೆ. ಬಾಗಿಲು ತೆರೆದಿದೆ.

"ಅವ್ವಾ," ಎಂದೆ. ದನಿ ಒಡೆಯಿತು. ಇನ್ನೊಮ್ಮೆ, ಗಟ್ಟಿಯಾಗಿ: "ಅವ್ವಾ. ನನ್ನ ಮೈಮ್ಯಾಲ ಯಾರೂ ಬಂದಿಲ್ಲ. ನಾನ ಅದೇನಿ."

ತಿಕ್ಕುವ ಸದ್ದು ನಿಂತಿದೆ.